ಜೀರಿಗೆ ಅಂಗಡಿಯಲ್ಲಿ ಮಿಥುನ್

ಉಜ್ಬೆಕಿಸ್ತಾನದ ರಾಜಧಾನಿ ತಾಷ್ಕೆಂಟ್ ಅಂದರೆ ನಮ್ಮ ಕಡೆಯ ಹಿರಿಯರಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ನೆನಪಾಗುತ್ತಾರೆ. 1966ರ ಜನವರಿಯಲ್ಲಿ ಅವರು ತೀರಿಕೊಂಡಿದ್ದು ಇಲ್ಲೇ. ಇಲ್ಲಿನವರಿಗೆ ಭಾರತ ಅಂದರೆ ನೆನಪಾಗುವುದು ಮಿಥುನ್ ಚಕ್ರವರ್ತಿ. ನಾನು ಬಂದ ಮೊದಲ ವಾರ ಟ್ಯಾಕ್ಸಿಯವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, 'ಹಿಂದಿಸ್ತಾನ್?' ಅಂದ. ಹೂಂ ಅಂದೆ. 'ಜಿಮ್ಮಿ!' ಅಂತ ಸ್ಟೀರಿಂಗ್ ಬಿಟ್ಟು ಎರಡೂ ಕೈ ಕುಣಿಸಿದ. ನನ್ನ ಜೀವ ಬಾಯಿಗೆ ಬಂತು.

ಮಿಥುನ್ ಜಿಮ್ಮಿಯಾಗಿ ಕುಣಿದ 'ಡಿಸ್ಕೋ ಡ್ಯಾನ್ಸರ್' ಸೋವಿಯತ್ ಕಾಲದಲ್ಲಿ ಇಲ್ಲಿ ತೆರೆಕಂಡಿದ್ದು 1984ರಲ್ಲಿ. ಇಡೀ ಒಕ್ಕೂಟದಲ್ಲಿ ಸುಮಾರು 6 ಕೋಟಿ ಟಿಕೆಟ್ ಹೋದವು. ಅದಕ್ಕೂ ಮೂವತ್ತು ವರ್ಷ ಮುಂಚೆ, 1954ರಲ್ಲಿ, ರಾಜ್ ಕಪೂರರ 'ಆವಾರಾ'ಗೂ ಅಷ್ಟೇ ಜನ ಮುಗಿಬಿದ್ದಿದ್ದರು. ಹಾಲಿವುಡ್ ಸಿನಿಮಾ ಬರುತ್ತಿದ್ದದ್ದೇ ಅಪರೂಪ. ನಮ್ಮ ಜೊತೆ ಸರ್ಕಾರಕ್ಕೆ ದೋಸ್ತಿ ಇತ್ತು, ನಮ್ಮ ಸಿನಿಮಾ ಕೊಳ್ಳುತ್ತಿತ್ತು. ಆದರೆ ಸರ್ಕಾರ ಕೊಂಡಿತು ಅಂತ ಯಾರಾದರೂ ಕಣ್ಣೀರು ಹಾಕ್ತಾರಾ? ಇಲ್ಲಿನ ಮನೆಗಳಿಗೆ ಹೋದ ಮೇಲೆ ನನಗೆ ಗೊತ್ತಾಯಿತು. ಅಪ್ಪನ ಎದುರು ಮಗ ದನಿ ಎತ್ತುವುದಿಲ್ಲ. ಹೊಸ ಸೊಸೆ ಬೆಳಗಾಗುವ ಮುಂಚೆ ಎದ್ದು ಅಂಗಳ ಗುಡಿಸಬೇಕು. ಸಿನಿಮಾದ ಅತ್ತೆ, ಅಮ್ಮ, ಕಳೆದುಹೋದ ಮಗ, ಎಲ್ಲರೂ ಇವರಿಗೆ ಪಕ್ಕದ ಮನೆಯವರೇ. ಮಾತೂ ತೀರಾ ದೂರದ್ದಲ್ಲ. ದೋಸ್ತ್, ದುನಿಯಾ, ಮೊಹಬ್ಬತ್ ಎಲ್ಲ ಉಜ್ಬೆಕ್‌ನಲ್ಲೂ ಇವೆ, ಉಚ್ಚಾರ ಸ್ವಲ್ಪ ಬೇರೆ.

ಹಳೇ ಪೇಟೆಯ ಚೋರ್ಸು ಬಜಾರಿನಲ್ಲಿ ನಾನು ಜೀರಿಗೆ ಕೊಳ್ಳುವ ಒಬ್ಬ ಓಪಾ ಇದ್ದಾರೆ. ಓಪಾ ಅಂದರೆ ಅಕ್ಕ. ಅರವತ್ತು ದಾಟಿರಬೇಕು, ತಲೆಗೆ ಹೂವಿನ ಸ್ಕಾರ್ಫು, ಬಾಯಿ ತುಂಬ ಚಿನ್ನದ ಹಲ್ಲು. ಮೊನ್ನೆ ಜೀರಿಗೆ ತೂಗುತ್ತಾ ತೂಗುತ್ತಾ ಒಂದು ಹಾಡು ಶುರು ಮಾಡಿದರು. ರಾಗ ಎಲ್ಲೋ ಕೇಳಿದ್ದು, ಮಾತು ಒಂದೂ ತಿಳಿಯಲಿಲ್ಲ. ರಷ್ಯನ್ನೋ ಉಜ್ಬೆಕ್ಕೋ ಅಂದುಕೊಂಡೆ. ಹಿಂದಿಯಂತೆ! ಆಗೆಲ್ಲ ಸಿನಿಮಾದ ಮಾತುಗಳನ್ನು ರಷ್ಯನ್‌ಗೆ ಡಬ್ ಮಾಡಿ, ಹಾಡುಗಳನ್ನು ಹಿಂದಿಯಲ್ಲೇ ಬಿಡುತ್ತಿದ್ದರು. ಓಪಾ ಆ ಹಾಡನ್ನು ಹುಡುಗಿಯಾಗಿದ್ದಾಗ ಕಿವಿಯಲ್ಲೇ ಕಲಿತಿದ್ದು. ಬಾಯಲ್ಲಿ ಉರುಳಿ ಉರುಳಿ ಮಾತುಗಳೆಲ್ಲ ನುಣ್ಣಗಾಗಿಬಿಟ್ಟಿವೆ.

'ಇದರ ಅರ್ಥ ಏನು?' ಅಂತ ಕೇಳಿದರು. ನನ್ನ ಹಿಂದಿಯೋ, ಶಾಲೆಯಲ್ಲಿ ಮೂರನೇ ಭಾಷೆಯಾಗಿ ಕಲಿತು ಪರೀಕ್ಷೆ ಮುಗಿದ ದಿನವೇ ಬಿಟ್ಟಿದ್ದು. ಪ್ರೀತಿ ಬಗ್ಗೆ ಇರಬೇಕು ಅಂದೆ. ಸಿನಿಮಾ ಹಾಡಲ್ವಾ, ಬೇರೆ ಇನ್ನೇನಿರುತ್ತೆ! ಓಪಾಗೆ ಸಮಾಧಾನವಾಗಲಿಲ್ಲ. 'ಹಿಂದಿಸ್ತಾನದವನಾಗಿ ಇದು ಗೊತ್ತಿಲ್ವಾ? ಹಾಗಾದ್ರೆ ನೀನೇ ಒಂದು ಹಾಡು' ಅಂದರು. ನಮ್ಮ ಊರಲ್ಲಿ ಭಾಷೆ ಬೇರೆ, ನಮ್ಮ ಸಿನಿಮಾನೇ ಬೇರೆ ಅಂತ ನನ್ನ ಮುರುಕು ರಷ್ಯನ್‌ನಲ್ಲಿ ಹೇಳಿ ನೋಡಿದೆ. ಭಾರತದಲ್ಲಿ ಹಿಂದಿ ಬಿಟ್ಟು ಬೇರೆ ಸಿನಿಮಾ ಇದೆ ಅನ್ನುವುದನ್ನು ಅವರು ನಂಬಲೇ ಇಲ್ಲ.

ಅಕ್ಕಪಕ್ಕದ ಅಂಗಡಿಯವರೂ ಕತ್ತು ಚಾಚಿದರು. ತಪ್ಪಿಸಿಕೊಳ್ಳೋ ಹಾಗಿರಲಿಲ್ಲ. ಅಣ್ಣಾವ್ರ ಒಂದು ಹಾಡಿನ ಪಲ್ಲವಿ ಹೇಗೋ ಮುಗಿಸಿದೆ. ಓಪಾ ಎದೆ ಮೇಲೆ ಕೈ ಇಟ್ಟುಕೊಂಡು ಕೇಳಿದರು. 'ಹೀರೋ ಯಾರು?'

'ರಾಜ್‌ಕುಮಾರ್.'

'ಹಾಂ, ರಾಜ್ ಕಪೂರ್!' ಅಂತ ಚಪ್ಪಾಳೆ ತಟ್ಟಿ, ಸುತ್ತಲಿದ್ದವರಿಗೆಲ್ಲ ಕೂಗಿ ಹೇಳಿದರು. ಕಪೂರ್ ಅಲ್ಲ, ಕುಮಾರ್ ಅಂತ ಎರಡು ಸಲ ತಿದ್ದಿದೆ. ಅಷ್ಟರಲ್ಲಿ ಇನ್ನೊಂದು ಹಿಡಿ ಜೀರಿಗೆ ಸುಮ್ನೆ ಚೀಲಕ್ಕೆ ಬಿತ್ತು. ಮೂರನೇ ಸಲ ತಿದ್ದಲಿಲ್ಲ.