ಬೋನಾಳ ಕೆರೆಯ ಹೆಬ್ಬಾತುಗಳು: ಚಳಿಗಾಲದಲ್ಲಿ ಹೋಗುವವರಿಗೆ

ಯಾದಗಿರಿ ಜಿಲ್ಲೆಯ ಬೋನಾಳ ಪಕ್ಷಿಧಾಮಕ್ಕೆ ಹೋಗುವುದಿದ್ದರೆ ಹಿಂದಿನ ರಾತ್ರಿಯೇ ಸುರಪುರ ಇಲ್ಲವೇ ಶಹಾಪುರ ಸೇರಿಕೊಳ್ಳಿ. ಕಲಬುರಗಿಯಿಂದ ಜೇವರ್ಗಿ, ಶಹಾಪುರ ದಾಟಿ ಸುರಪುರಕ್ಕೆ ಸುಮಾರು ನೂರು ಕಿಲೋಮೀಟರ್. ನಸುಕಿನಲ್ಲಿ ಹೊರಟರಾಯಿತು ಅಂತ ಅನಿಸಬಹುದು. ಆದರೆ ಸುಗ್ಗಿಯ ದಿನಗಳಲ್ಲಿ ಹತ್ತಿ, ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಓಡಾಡುತ್ತವೆ. ಕತ್ತಲಲ್ಲಿ ಆ ರಸ್ತೆ ಬೇಡ. ರೈಲಿಗೆ ಬರುವವರು ಯಾದಗಿರಿಯಲ್ಲಿ ಇಳಿದು ಬಸ್ಸಿನಲ್ಲಿ ಸುರಪುರಕ್ಕೆ ಬರಬಹುದು. ಅಲ್ಲಿಂದ ಕೆರೆಗೆ ಹೋಗಿಬರಲು ಆಟೋದವರನ್ನು ರಾತ್ರಿಯೇ ಮಾತಾಡಿಸಿಟ್ಟುಕೊಳ್ಳಿ. ಬೆಳಗಿನ ಹೊತ್ತಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6.50ರ ಆಸುಪಾಸು. ಅದಕ್ಕೂ ಅರ್ಧ ಗಂಟೆ ಮೊದಲು ಕೆರೆಯ ಏರಿ ಮೇಲಿರಬೇಕು. ನಮ್ಮ ಕಡೆ ಬೇಸಿಗೆ ಮಾತ್ರ ಇರುತ್ತದೆ ಎಂದು ನಂಬಿದವರು ಒಂದು ಸ್ವೆಟರ್, ತಲೆಗೊಂದು ಮಫ್ಲರ್ ಇಟ್ಟುಕೊಳ್ಳಿ. ನೀರಿನ ಮೇಲಿಂದ ಬರುವ ಗಾಳಿ ಕಿವಿ ಕೊರೆಯುತ್ತದೆ. ಹೊಲದ ಬದುವಿನ ಹುಲ್ಲೆಲ್ಲ ಇಬ್ಬನಿಯಿಂದ ತೊಯ್ದಿರುತ್ತದೆ, ಎರೆಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ. ಹಳೆಯ ಬೂಟು ಸಾಕು.

ಈ ಕೆರೆ ಸುರಪುರದ ನಾಯಕ ಅರಸರ ಕಾಲದ್ದು. ಕಟ್ಟಿಸಿದವನು ಪಾಮನಾಯಕ ಎನ್ನುತ್ತಾರೆ. ರಂಗನತಿಟ್ಟು ಬಿಟ್ಟರೆ ರಾಜ್ಯದ ದೊಡ್ಡ ಪಕ್ಷಿಧಾಮ ಇದೇ ಎಂಬುದು ಇಲ್ಲಿಯವರ ಹೆಮ್ಮೆಯ ಮಾತು. ಆದರೆ ರಂಗನತಿಟ್ಟಿನಂತೆ ದೋಣಿ, ಗದ್ದಲ, ಸಾಲುಸಾಲು ಪ್ರವಾಸಿಗರನ್ನು ನಿರೀಕ್ಷಿಸಬೇಡಿ. ನನಗಂತೂ ಆ ಸದ್ದಿಲ್ಲದ ಬೆಳಗೇ ಈ ಕೆರೆಯ ದೊಡ್ಡ ಆಸ್ತಿ.

ಬೆಳಕು ಹರಿಯುವಾಗ ಮೊದಲು ಸಿಗುವುದು ಸದ್ದು. ಆಪಿನ ಹುಲ್ಲಿನ ನಡುವೆ ನೇರಳೆ ಜಂಬುಕೋಳಿಗಳು ಕೂಗಾಡುತ್ತವೆ. ನಾಮದ ಕೋಳಿಗಳು ನೀರಿನ ಮೇಲೆ ಓಡಿಯೇ ಮೇಲೇಳುತ್ತವೆ. ನಿಧಾನಕ್ಕೆ ಕಣ್ಣು ಹೊಂದಿಕೊಂಡ ಮೇಲೆ ಅಂಚಿನ ಕೆಸರಲ್ಲಿ ಕೆನ್ನೀಲಿ ಬಕ ಕಾಣುತ್ತದೆ. ಕತ್ತು ಚಾಚಿ, ಕದಲದೆ ನಿಂತಿರುತ್ತದೆ. ಉದ್ದ ಬಾಗಿದ ಕೊಕ್ಕಿನ ಬಿಳಿ ಮತ್ತು ಕರಿ ಕೆಂಬರಲುಗಳು ಗುಂಪಾಗಿ ಕೆಸರು ಕೆದಕುತ್ತವೆ. ಬರುವ ದಾರಿಯಲ್ಲಿ ಕರೆಂಟ್ ತಂತಿಗಳ ಮೇಲೂ ಒಂದು ಕಣ್ಣಿರಲಿ. ನಮ್ಮ ರಾಜ್ಯಪಕ್ಷಿ ನೀಲಕಂಠ ಅಲ್ಲೇ ಕೂತು ಬಿಸಿಲು ಕಾಯುತ್ತಿರುತ್ತದೆ.

ಆದರೆ ನಾನು ಚಳಿಗಾಲದಲ್ಲೇ ಹೋಗಿ ಎನ್ನುವುದು ಪಟ್ಟೆತಲೆ ಹೆಬ್ಬಾತುಗಳಿಗಾಗಿ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಒಮ್ಮೆ ನೋಡಿದರೆ ಗುರುತು ತಪ್ಪುವುದಿಲ್ಲ. ಟಿಬೆಟ್, ಮಂಗೋಲಿಯಾದ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಚಳಿಗೆ ಹಿಮಾಲಯ ದಾಟಿ ಇತ್ತ ಬರುತ್ತವೆ. ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಷ್ಟು ತೆಳು ಗಾಳಿಯಲ್ಲೂ ಅವುಗಳ ರಕ್ತ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಅಲ್ಲಿಂದ ಹಾರಿಬಂದು ನಮ್ಮ ಸುರಪುರದ ಹೊಲಗಳಲ್ಲಿ ಮೇಯುತ್ತವೆ ಅಂದ್ರೆ ಎಂಥ ಭಾಗ್ಯ, ಅಲ್ವಾ?

ಇಲ್ಲೇ ಬಹಳ ಜನ ನಿರಾಶರಾಗುವುದು. ಬೆಳಗ್ಗೆ ಬಂದು ನೋಡುತ್ತಾರೆ, ಕೆರೆಯಲ್ಲಿ ಹೆಬ್ಬಾತು ಕಾಣುವುದಿಲ್ಲ, ಎಂಟಕ್ಕೆಲ್ಲ ಗಾಡಿ ತಿರುಗಿಸುತ್ತಾರೆ. ಹೆಬ್ಬಾತುಗಳು ಹೆಚ್ಚಾಗಿ ಸಂಜೆ ಹೊಲಕ್ಕೆ ಮೇಯಲು ಹೋಗಿ, ಬೆಳಗ್ಗೆ ಕೆರೆಗೆ ಮರಳಿ ಹಗಲೆಲ್ಲ ಅಲ್ಲೇ ದಣಿವಾರಿಸಿಕೊಳ್ಳುತ್ತವೆ. ಅಂಚಿನಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದಾಗ ಅವರೂ ಅದನ್ನೇ ಹೇಳಿದರು: "ಹೊಲಕ್ಕ ಹೋಗ್ಯಾವ್ರಿ. ಬಿಸಲ ಏರ್ಲಿ, ತಾವಾ ಬರ್ತಾವ. ನೀವು ಅತ್ತಾಗ ಇತ್ತಾಗ ಅಡ್ಡಾಡಬ್ಯಾಡ್ರಿ." ಹಾಗೇ ಕೂತೆವು. ಬಿಸಿಲು ಏರಿದ ಮೇಲೆ ದೂರದಿಂದಲೇ ಕೂಗು ಕೇಳಿಸಿತು. ಒಂದರ ಹಿಂದೊಂದು ಸಾಲು ಬಂದು, ಕೆರೆಯ ಮೇಲೆ ಸುತ್ತು ಹಾಕಿ, ಕಾಲು ಚಾಚಿ ಇಳಿದವು. ಏರಿಯ ಮೇಲೆ ನಡೆಯುತ್ತಿದ್ದರೆ ಅವು ನಡುನೀರಿಗೇ ಇಳಿಯುತ್ತಿದ್ದವೇನೋ. ಸುಮ್ನೆ ಕೂತವರಿಗೆ ಹತ್ತಿರದ ನೋಟ ಸಿಕ್ಕಿತು.

ಹಾಗಾಗಿ ಬಳ್ಳಾರಿ ಜಾಲಿಯ ನೆರಳಿನಲ್ಲಿ, ಸೂರ್ಯ ಬೆನ್ನಿಗೆ ಬರುವಂತೆ ಒಂದು ಜಾಗ ಹಿಡಿದು ಹತ್ತು ಗಂಟೆಯವರೆಗೂ ಕೂರಿ. ಮುಳ್ಳು ನೋಡಿಕೊಂಡು ಕೂರಿ. ಎದುರು ಬಿಸಿಲಿದ್ದರೆ ಎಲ್ಲ ಹಕ್ಕಿಯೂ ಕಪ್ಪು ನೆರಳಾಗಿಯೇ ಕಾಣುತ್ತದೆ. ಎಂಟು ಪಟ್ಟು ಹತ್ತಿರ ತೋರಿಸುವ 8x42 ಬೈನಾಕ್ಯುಲರ್ ಸಾಕು. ದೊಡ್ಡ ಲೆನ್ಸ್ ಇಲ್ಲ ಎಂದು ಹೋಗದೆ ಇರಬೇಡಿ. ಬಿಳಿ, ಕೆಂಪು ಬಟ್ಟೆ ಬೇಡ, ಮಣ್ಣಿನ ಬಣ್ಣ ಒಳ್ಳೆಯದು. ಡ್ರೋನ್ ಹಾರಿಸುವುದು, ಫೋಟೋಗಾಗಿ ಕಲ್ಲೆಸೆದು ಹಕ್ಕಿ ಎಬ್ಬಿಸುವುದು ದಯವಿಟ್ಟು ಬೇಡ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಜೀವಕ್ಕೆ ವಿಶ್ರಾಂತಿಯೂ ಮೇವಿನಷ್ಟೇ ಮುಖ್ಯ.

ನೀರು, ಬುತ್ತಿ ಕಟ್ಟಿಕೊಂಡೇ ಹೋಗಿ. ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ. ಪ್ಲಾಸ್ಟಿಕ್ ಚೀಲ ವಾಪಸ್ ತನ್ನಿ. ಹೊಲದೊಳಗೆ ಇಳಿಯುವ ಮುಂಚೆ ರೈತರನ್ನು ಒಂದು ಮಾತು ಕೇಳಿ.

ಮರಳುವಾಗ ಸಮಯವಿದ್ದರೆ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಬಹುದು. 1840ರ ದಶಕದಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಮನೆ ಅದು. ಶಹಾಪುರದ ಬಳಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು ರಸ್ತೆಯಿಂದಲೇ ಕಾಣುತ್ತದೆ. ಎರಡೂ ಇನ್ನೊಂದು ದಿನಕ್ಕೆ ಉಳಿದರೂ ಪರವಾಗಿಲ್ಲ. ಹೆಬ್ಬಾತುಗಳು ಮಾತ್ರ ಬಿಸಿಲು ಬಲಿಯುತ್ತಿದ್ದಂತೆ ಉತ್ತರಕ್ಕೆ ಹೊರಟುಬಿಡುತ್ತವೆ. ಡಿಸೆಂಬರ್‌ನಿಂದ ಫೆಬ್ರುವರಿ ಮೊದಲ ವಾರಗಳ ಒಳಗೆ ನಿಮ್ಮ ದಿನ ಗೊತ್ತುಮಾಡಿಕೊಳ್ಳಿ.