ಮಫ್ತಿ ಡ್ಯೂಟಿಯ ಪಿಸ್ತೂಲಿಗೆ ಎಂಥ ಹೋಲ್‌ಸ್ಟರ್ ಬೇಕು

ಗನ್‌ಮ್ಯಾನ್ ಡ್ಯೂಟಿಗೆ ಹೊಸದಾಗಿ ಬರುವ ಹುಡುಗರು ಪಿಸ್ತೂಲಿನ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಗ್ಲಾಕ್ ಸಿಗುತ್ತಾ, ಎಷ್ಟು ರೌಂಡ್ ಕೊಡ್ತಾರೆ, ಫೈರಿಂಗ್ ಯಾವಾಗ. ಹೋಲ್‌ಸ್ಟರ್ (ಪಿಸ್ತೂಲು ಇಡುವ ಒರೆ) ಬಗ್ಗೆ ಒಬ್ಬನೂ ಕೇಳುವುದಿಲ್ಲ. ಆಯುಧದ ಕೋಣೆಯಾದ ಬೆಲ್ ಆಫ್ ಆರ್ಮ್ಸ್‌ನಲ್ಲಿ ಏನು ಕೊಟ್ಟರೋ ಅದನ್ನೇ ಸಿಕ್ಕಿಸಿಕೊಂಡು ಹೊರಡುತ್ತಾರೆ. ನಾನು ಬೆಳಗಾವಿ ಕಡೆಯವನು. ಕೆಲಸ ಸಶಸ್ತ್ರ ಪಡೆಯಲ್ಲಿ. ಅದರಲ್ಲೂ ಜಾಸ್ತಿ ವರ್ಷ ಒಬ್ಬರಲ್ಲ ಒಬ್ಬರು ಸಾಹೇಬರ ಹಿಂದೆ ಮಫ್ತಿಯಲ್ಲೇ ಕಳೆದಿವೆ. ಯಾವ ಘಟಕ, ಯಾರ ಹಿಂದೆ ಅನ್ನೋದು ಇಲ್ಲಿ ಬೇಡ. ಹೋಲ್‌ಸ್ಟರ್ ವಿಷಯ ಮಾತ್ರ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ.

ನಮ್ಮ ಕೈಗೆ ಬರುವುದು ಹೆಚ್ಚಾಗಿ ಇಶಾಪುರ ಕಾರ್ಖಾನೆಯ 9 ಎಂಎಂ ಆಟೋ ಪಿಸ್ತೂಲು. ಬ್ರೌನಿಂಗ್ ಹೈ ಪವರ್ ಮಾದರಿಯದು. ಪೂರ್ತಿ ಉಕ್ಕು, ಮ್ಯಾಗಜೀನಿಗೆ 13 ರೌಂಡು. ತುಂಬಿದ ಮೇಲೆ ಹೆಚ್ಚುಕಡಿಮೆ ಒಂದು ಕಿಲೋ. ಯೂನಿಫಾರಂ ಮೇಲಿನ ಅಗಲ ಬೆಲ್ಟಿಗೆ ತೂಗಿಬಿಟ್ಟರೆ ಆ ತೂಕ ಗೊತ್ತಾಗಲ್ಲ. ಅದನ್ನೇ ಸಾದಾ ಪ್ಯಾಂಟಿನ ಒಳಗೆ, ಅಂಗಿಯ ಕೆಳಗೆ ಇಟ್ಟುಕೊಂಡು ಬೆಳಗ್ಗೆ ಹೊರಟು ರಾತ್ರಿ ಮಲಗುವವರೆಗೆ ತಿರುಗಬೇಕಾದಾಗ ಸೊಂಟ ಲೆಕ್ಕ ಹಾಕಲು ಶುರು ಮಾಡುತ್ತದೆ. ಬೆಳಗಾವಿಯಿಂದ ಬಾಗಲಕೋಟೆಗೆ ಕಾರಿನಲ್ಲಿ ಹೊರಟಿರಿ ಅಂತ ಇಟ್ಟುಕೊಳ್ಳಿ. ಬಲಸೊಂಟದ ಹಿಂಭಾಗದಲ್ಲಿ ಕಟ್ಟಿದ್ದರೆ ಸೀಟು ಅದನ್ನು ಮೈಗೆ ಒತ್ತುತ್ತದೆ. ಪಿಸ್ತೂಲಿನ ಹಿಂತುದಿಯ ಹ್ಯಾಮರ್ ಪಕ್ಕೆಗೆ ಚುಚ್ಚುತ್ತದೆ. ಯರಗಟ್ಟಿ ದಾಟಿ ಲೋಕಾಪುರ ಬರುವಷ್ಟರಲ್ಲಿ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಆ ಕೈಯೇ ಅಪಾಯ. ಚುಚ್ಚುವ ಹೋಲ್‌ಸ್ಟರ್ ಇದ್ದರೆ ಮನುಷ್ಯ ಸುಮ್ನೆ ಇರಲ್ಲ. ಸರಿಸುತ್ತಾನೆ, ಬೆಲ್ಟ್ ಒಂದು ತೂತು ಸಡಿಲಿಸುತ್ತಾನೆ, ಕೊನೆಗೆ ಪಿಸ್ತೂಲನ್ನೇ ತೆಗೆದು ತೊಡೆ ಕೆಳಗೋ ಡೋರ್ ಪಾಕೆಟ್ಟಿಗೋ ಇಡುತ್ತಾನೆ. ಪಿಸ್ತೂಲು ಹೀಗೆ ಹೊರಗೆ ಬಂದು ಒಳಗೆ ಹೋಗುವ ಪ್ರತಿ ಸಲವೂ ಟ್ರಿಗರಿಗೆ ಒಂದು ಬೆರಳೋ ಬಟ್ಟೆಯ ಅಂಚೋ ಸಿಗುವ ಅವಕಾಶ ಹುಟ್ಟುತ್ತದೆ. ಜೊತೆಗೆ, ಪದೇ ಪದೇ ಸೊಂಟ ಮುಟ್ಟಿಕೊಳ್ಳುವವನ ಹತ್ತಿರ ಪಿಸ್ತೂಲು ಇದೆ ಅಂತ ಇಡೀ ಸಭೆಗೆ ಗೊತ್ತಾಗುತ್ತದೆ. ಮಫ್ತಿ ಹಾಕಿದ್ದೇ ವ್ಯರ್ಥ. ಮೇಲಿನವರು ಇದನ್ನು ಒಪ್ಪುವುದಿಲ್ಲ. ಆರಾಮ ಬೇಕು ಅಂದರೆ ಡ್ಯೂಟಿ ತಪ್ಪಿಸಲು ನೆಪ ಅನ್ನುತ್ತಾರೆ. ನೊಗ ಸರಿ ಕೂರದ ಎತ್ತಿನಿಂದ ಯಾವ ರೈತನೂ ಹೊಲ ಉಳುವುದಿಲ್ಲ. ನಮ್ಮ ಸ್ಟೋರಿನಲ್ಲಿ ಮಾತ್ರ ಎಲ್ಲ ಸೊಂಟಕ್ಕೂ ಒಂದೇ ಚೀಲ.

ಚೀಲ ಅಂದದ್ದು ಸುಳ್ಳಲ್ಲ. ಕಪ್ಪು ನೈಲಾನ್ ಬಟ್ಟೆ, ಒಳಗೆ ತೆಳು ಫೋಮು, ಹೊರಗೆ ಒಂದು ಸ್ಟೀಲ್ ಕ್ಲಿಪ್ಪು. ಪಿಸ್ತೂಲು ಒಳಗಿದ್ದಾಗ ಹೋಲ್‌ಸ್ಟರ್ ಥರ ಕಾಣುತ್ತದೆ. ತೆಗೆದ ತಕ್ಷಣ ಬೆಲ್ಟಿನ ಒತ್ತಡಕ್ಕೆ ಬಾಯಿ ಮುಚ್ಚಿಕೊಳ್ಳುತ್ತದೆ.

ಮುಧೋಳ ಕಡೆಯ ಒಂದು ಮದುವೆಯಲ್ಲಿ ಅದು ನನ್ನನ್ನು ಕೈಬಿಟ್ಟಿತು. ಸಾಹೇಬರು ಪಂಕ್ತಿಗೆ ಕೂತರು. ಪಾರ್ಟ್‌ನರ್ ಅವರ ಹಿಂದೆ ನಿಂತಿದ್ದ. ನಿಂತೇ ಇರುತ್ತೇನೆ ಅಂದರೆ ಮನೆಯ ಹಿರಿಯರು ಬಿಡಲಿಲ್ಲ, ಸಾಹೇಬರೂ ಕೂಡು ಅಂದರು. ಎರಡು ಎಲೆ ಆಚೆ ಚಕ್ಕಳಮಕ್ಕಳ ಹಾಕಿ ಕೂತೆ. ಹೀಗೆ ಕೂತಾಗ ಏನಾಗುತ್ತದೆ ಅಂತ ಯಾವ ಟ್ರೇನಿಂಗಿನಲ್ಲೂ ತೋರಿಸಲ್ಲ. ತೊಡೆ ಮೇಲೇಳುತ್ತದೆ. ಹೋಲ್‌ಸ್ಟರಿನ ತುದಿ ತೊಡೆಗೆ ತಾಗಿ ಮೇಲಕ್ಕೆ ಒತ್ತಿಸಿಕೊಳ್ಳುತ್ತದೆ. ತುತ್ತಿಗೆ ಬಗ್ಗಿದಾಗಲೆಲ್ಲ ಹಿಡಿಕೆ ಸ್ವಲ್ಪ ಸ್ವಲ್ಪವೇ ಬಟ್ಟೆಯಿಂದ ಹೊರಗೆ ಸರಿಯುತ್ತದೆ. ಪ್ಯಾಂಟ್ ಬಿಗಿಯಾಗಿರುವುದರಿಂದ ಅದು ಗೊತ್ತೂ ಆಗುವುದಿಲ್ಲ.

ಎರಡನೇ ಸಲ ಹುಗ್ಗಿ ಬಡಿಸುತ್ತಿದ್ದರು. ಪೆಂಡಾಲಿನ ಹಿಂದೆ, ಜನರೇಟರ್ ಹತ್ತಿರ, ಪಟಾಕಿ ಸರ ಹಚ್ಚಿದರು. ಅದು ಪಟಾಕಿ ಅಂತ ಕಿವಿಗೆ ಗೊತ್ತಾಗುವ ಮೊದಲೇ ಕಾಲು ಎದ್ದಿತ್ತು. ಅರ್ಧ ಎದ್ದಾಗ ಸೊಂಟ ಹಗುರಾಯಿತು.

ಆಯುಧ ನೋಡಿಕೊಳ್ಳುವ ನಮ್ಮ ಹಳೇ ಆರ್ಮರರ್ ಒಬ್ಬರು ಒಂದೇ ಮಾತನ್ನು ತಲೆಗೆ ತುಂಬಿದ್ದರು. ಬೀಳುವ ಪಿಸ್ತೂಲನ್ನು ಹಿಡಿಯಬೇಡ. ಗಾಳಿಯಲ್ಲಿ ಹಿಡಿಯಲು ಹೋದರೆ ಬೆರಳು ಮೊದಲು ಹೋಗುವುದು ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆ) ಒಳಗೇ. ಬಿದ್ದ ಪಿಸ್ತೂಲು ಸಾಮಾನ್ಯವಾಗಿ ಸುಮ್ಮನೆ ಬೀಳುತ್ತದೆ, ಕಸಿಯಲು ಹೋದದ್ದು ಸಿಡಿಯುತ್ತದೆ. ಅವತ್ತು ಆ ಮಾತು ಕೈಯನ್ನು ತಡೆಯಿತು. ಬೀಳಲು ಬಿಟ್ಟೆ. ಲ್ಯಾನ್‌ಯಾರ್ಡ್ (ಪಿಸ್ತೂಲನ್ನು ಬೆಲ್ಟಿಗೆ ಕಟ್ಟಿದ ದಾರ) ಎಳೆದುಕೊಂಡು ಒಂದು ಸಲ ತೂಗಾಡಿ ಜಮಖಾನೆ ಮೇಲೆ ಬಿತ್ತು. ನಳಿಕೆ ಎದುರಿನ ಸಾಲಿನ ಕಡೆಗೆ. ಅಲ್ಲಿ ಮಕ್ಕಳು ಕೂತಿದ್ದರು.

ಚೇಂಬರ್, ಅಂದರೆ ಸಿಡಿಯುವ ಗುಂಡು ಕೂರುವ ಜಾಗ, ಖಾಲಿ ಅಂತ ನನಗೆ ಗೊತ್ತು. ಸೇಫ್ಟಿ ಹಾಕಿದ್ದೂ ಗೊತ್ತು. ಎದುರಿಗೆ ಕೂತವರಿಗೆ ಅದು ಹೇಗೆ ಗೊತ್ತಾಗಬೇಕು? ಬಡಿಸುವವನು ಬಕೆಟ್ ಹಿಡಿದು ನಿಂತಲ್ಲೇ ನಿಂತ. ಒಬ್ಬ ಹುಡುಗ ಕೈ ಚಾಚಿದ. ನಾನು ಮಂಡಿ ಊರಿ ಪಿಸ್ತೂಲಿನ ಮೇಲೆ ಅಂಗೈ ಅಗಲಿಸಿ ಇಟ್ಟೆ, ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚುವ ಹಾಗೆ. ಒಬ್ಬ ಅಜ್ಜ ಹುಡುಗನ ಭುಜ ಹಿಡಿದು ಹಿಂದಕ್ಕೆ ಎಳೆದರು. ನಳಿಕೆಯನ್ನು ನೆಲಕ್ಕೆ ತಿರುಗಿಸಿದೆ. ಇಷ್ಟಾದ ಮೇಲೆ ಕಷ್ಟ ಶುರುವಾಯಿತು. ಅದನ್ನು ವಾಪಸ್ ಎಲ್ಲಿ ಇಡುವುದು?

ಹೋಲ್‌ಸ್ಟರಿನ ಬಾಯಿ ಮುಚ್ಚಿಹೋಗಿತ್ತು. ತೆರೆಯಬೇಕು ಅಂದರೆ ಎಡಗೈ ಬೆರಳು ಒಳಗೆ ತೂರಿಸಬೇಕು. ಅಂದರೆ ನನ್ನ ನಳಿಕೆಯ ಮುಂದೆ ನನ್ನದೇ ಬೆರಳು. ಬಗ್ಗಿ ನೋಡಿದಾಗ ಇನ್ನೊಂದು ಕಂಡಿತು. ಲ್ಯಾನ್‌ಯಾರ್ಡಿನ ದಾರ ಒಂದು ಸುತ್ತು ಹಾಕಿ ಟ್ರಿಗರ್ ಗಾರ್ಡಿನ ಒಳಗೆ ಸೇರಿತ್ತು. ಟ್ರಿಗರಿನ ಮುಂದೆ, ನೀಟಾಗಿ. ನೋಡದೆ ಒಳಗೆ ತಳ್ಳಿದ್ದರೆ ಹೋಲ್‌ಸ್ಟರಿನ ಅಂಚು ಆ ದಾರವನ್ನು ಹಿಡಿದು ಎಳೆಯುತ್ತಿತ್ತು. ಚೇಂಬರ್ ತುಂಬಿದ ಗ್ಲಾಕ್ ಆಗಿದ್ದರೆ? ಅದಕ್ಕೆ ಹೆಬ್ಬೆರಳಿನಿಂದ ಹಾಕುವ ಸೇಫ್ಟಿಯೇ ಇಲ್ಲ. ಟ್ರಿಗರ್ ಹಿಂದಕ್ಕೆ ಹೋದರೆ ಗುಂಡು ಹೋಯಿತು, ಎಳೆದದ್ದು ಬೆರಳೋ ದಾರವೋ ಅದಕ್ಕೆ ಬೇಕಿಲ್ಲ.

ಪಿಸ್ತೂಲಿಗೆ ಟವೆಲ್ ಸುತ್ತಿ ಎದ್ದೆ. ಅಡುಗೆ ಸಾಮಾನಿನ ಕೋಣೆಗೆ ಹೋಗಿ, ಗೋಡೆಗೆ ಮುಖ ಮಾಡಿ, ಮ್ಯಾಗಜೀನ್ ತೆಗೆದು, ದಾರ ಬಿಡಿಸಿ, ಚೇಂಬರ್ ನೋಡಿ, ಮತ್ತೆ ಎಲ್ಲ ಜೋಡಿಸಿಕೊಂಡು ಬರುವವರೆಗೆ ನನ್ನ ಪೋಸ್ಟ್ ಖಾಲಿ ಇತ್ತು. ಪಾರ್ಟ್‌ನರ್ ಒಬ್ಬನೇ. ಮೆಮೊ ಬಂದದ್ದು, ವಿವರಣೆ ಬರೆದುಕೊಟ್ಟದ್ದು ಎಲ್ಲ ಮರೆತುಹೋಗಿದೆ. ಪೋಸ್ಟ್ ಖಾಲಿ ಬಿಟ್ಟ ಆ ಹೊತ್ತು ಈಗಲೂ ಕುಟುಕುತ್ತದೆ.

ಹೋಲ್‌ಸ್ಟರ್ ಸಡಿಲ, ಅದಕ್ಕೇ ಹೀಗಾಯಿತು ಅಂದುಕೊಂಡೆ. ಬೆಳಗಾವಿಯ ಖಡೇಬಜಾರಿನಲ್ಲಿ ಹೊಲಿಗೆ ಹಾಕಿಸಿ ಬಿಗಿ ಮಾಡಿಸಿದೆ. ಮನೆಯಲ್ಲಿ ಖಾಲಿ ಪಿಸ್ತೂಲಿನಿಂದ ಅಭ್ಯಾಸ ಮಾಡಿದರೆ ಪಿಸ್ತೂಲಿನ ಜೊತೆ ಹೋಲ್‌ಸ್ಟರೂ ಎದ್ದು ಬಂತು. ಕ್ಲಿಪ್ಪು ಬೆಲ್ಟನ್ನು ಹಿಡಿಯುತ್ತಲೇ ಇರಲಿಲ್ಲ. ಆಗ ಕಣ್ಣು ಬೆಲ್ಟಿನ ಮೇಲೆ ಹೋಯಿತು. ಬಜಾರಿನ ಸಾದಾ ಬೆಲ್ಟು, ತೆಳು, ಅಂಗುಲಕ್ಕಿಂತ ಸ್ವಲ್ಪ ಅಗಲ. ಪಿಸ್ತೂಲಿನ ತೂಕಕ್ಕೆ ಮಡಚಿ ಹೊರಕ್ಕೆ ವಾಲುತ್ತಿತ್ತು. ವಾಲಿದ ಬೆಲ್ಟು ಹೋಲ್‌ಸ್ಟರನ್ನು ಓರೆ ಮಾಡುತ್ತದೆ, ಓರೆಯಾದ ಹೋಲ್‌ಸ್ಟರು ಹಿಡಿಕೆಯನ್ನು ಹೊರಗೆ ತಳ್ಳುತ್ತದೆ, ಅಂಗಿ ಉಬ್ಬುತ್ತದೆ.

ಹಾಗಾಗಿ ದುಡ್ಡು ಕಡಿಮೆ ಇದ್ದರೆ ಮೊದಲು ಬೆಲ್ಟಿಗೆ ಹಾಕಿ. ಒಂದೂವರೆ ಅಂಗುಲ, ಅಂದರೆ 38 ಎಂಎಂ ಅಗಲ. ಎರಡು ಪದರ ಚರ್ಮ ಕೂಡಿಸಿ ಹೊಲಿದದ್ದು. ಅಡ್ಡಕ್ಕೆ ತಿರುಚಿದರೆ ಸುಲಭವಾಗಿ ತಿರುಚಬಾರದು. ಹೋಲ್‌ಸ್ಟರಿನ ಲೂಪ್ ಕೂಡ ಅದೇ ಅಳತೆಗೆ ಬಿಗಿಯಾಗಿ ಕೂರಬೇಕು. ಕ್ಲಿಪ್ ಇದ್ದರೆ ಕೆಳಗಿನ ಕೊಕ್ಕೆ ಬೆಲ್ಟಿನ ಅಂಚಿನ ಅಡಿಗೆ ಹೋಗಿ ಕಚ್ಚಬೇಕು.

ನನ್ನ ಹೋಲ್‌ಸ್ಟರನ್ನು ಅಥಣಿಯಲ್ಲಿ ಮಾಡಿಸಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದವು. ಅಥಣಿ, ನಿಪ್ಪಾಣಿಯ ಕೈಗಳು ಅಂಥವು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ಹೋಲ್‌ಸ್ಟರಿಗೆ ಹೇಳಿ ಮಾಡಿಸಿದ ಹಾಗಿದೆ. ಗಡುಸು ಬರುತ್ತದೆ, ಒದ್ದೆ ಮಾಡಿ ಒತ್ತಿದ ಆಕಾರ ಹಿಡಿದಿಟ್ಟುಕೊಳ್ಳುತ್ತದೆ. ಕ್ರೋಮ್ ಹದದ ಮೆತ್ತನೆ ಚರ್ಮ ಬೇಡ. ಆಕಾರ ನಿಲ್ಲಲ್ಲ, ಅದರಲ್ಲಿ ಉಳಿದ ಲವಣಕ್ಕೆ ಉಕ್ಕು ಕೆಡುತ್ತದೆ.

ಸರ್ಕಾರಿ ಪಿಸ್ತೂಲನ್ನು ಅಂಗಡಿಯಲ್ಲಿ ಇಟ್ಟು ಬರಲು ಆಗಲ್ಲ, ಇಡಲೂಬಾರದು. ಆರ್ಮರರ್ ಮುಂದೆಯೇ ರಟ್ಟಿನ ಮೇಲೆ ಅಳತೆ ಗೆರೆ ಎಳೆದುಕೊಂಡು, ಬಡಿಗರ ಹತ್ತಿರ ಸಾಗುವಾನಿಯಲ್ಲಿ ಒಂದು ಅಚ್ಚು ಮಾಡಿಸಿದೆ. ಟ್ರಿಗರ್ ಗಾರ್ಡಿನ ಜಾಗ, ಸ್ಲೈಡಿನ ದಪ್ಪ, ಸೇಫ್ಟಿಯ ಉಬ್ಬು ಎಲ್ಲ ಬರುವ ಹಾಗೆ. ಚಪ್ಪಲಿ ಕೆಲಸದವರು ಚರ್ಮ ನೆನೆಸಿ ಆ ಅಚ್ಚಿನ ಮೇಲೆ ಎಳೆದು, ಮೂಳೆಯ ತುಂಡಿನಿಂದ ಟ್ರಿಗರ್ ಗಾರ್ಡಿನ ಸುತ್ತ ತಿಕ್ಕಿ ತಿಕ್ಕಿ ತಗ್ಗು ತಂದರು. ಪಿಸ್ತೂಲು ನಿಲ್ಲುವುದು ಆ ತಗ್ಗಿನಲ್ಲೇ. ಬಾಯಿಯ ಅಂಚಿಗೆ ಇನ್ನೊಂದು ಪದರ ಚರ್ಮ ಹೊಲಿಸಿದೆ, ತೆಗೆದ ಮೇಲೂ ತೆರೆದೇ ಇರಲಿ ಅಂತ. ಮೈ ಕಡೆಗೆ ಸ್ವಲ್ಪ ಎತ್ತರದ ಪಟ್ಟಿ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಬೆವರು ಪಿಸ್ತೂಲಿಗೆ ಇಳಿಯಲ್ಲ, ಹ್ಯಾಮರ್ ಚರ್ಮಕ್ಕೆ ತಾಗಲ್ಲ. ಮೇಲೆ ಹೆಬ್ಬೆರಳಿನಿಂದ ಬಿಚ್ಚುವ ಪಟ್ಟಿ.

ಮನೆಗೆ ತಂದ ಮೇಲೆ ಖಾಲಿ ಪಿಸ್ತೂಲು ಹಾಕಿ, ಪಟ್ಟಿ ಬಿಚ್ಚಿ, ಹಾಸಿಗೆಯ ಮೇಲೆ ತಲೆಕೆಳಗು ಮಾಡಿ ಜಾಡಿಸಿ. ಬೀಳಬಾರದು. ಆಮೇಲೆ ಚಕ್ಕಳಮಕ್ಕಳ ಕೂತು, ಕುಕ್ಕರಗಾಲಲ್ಲಿ ಕೂತು, ಕಾರಿನಲ್ಲಿ ಬೆಲ್ಟ್ ಹಾಕಿ ಕೂತು, ಬಗ್ಗಿ ಬೂಟಿನ ಲೇಸ್ ಕಟ್ಟಿ ನೋಡಿ. ಹೊರದೇಶದವರ ವಿಡಿಯೊಗಳಲ್ಲಿ ನೆಲಕ್ಕೆ ಕೂತು ಊಟ ಮಾಡುವವರನ್ನು ನಾನು ನೋಡಿಲ್ಲ. ಐಬಿಗಳ (ಸರ್ಕಾರಿ ಪ್ರವಾಸಿ ಮಂದಿರ) ದೇಸಿ ಪಾಯಿಖಾನೆಯ ಮಾತಂತೂ ಬರುವುದೇ ಇಲ್ಲ. ಅಲ್ಲಿಗೆ ಹೋಗುವಾಗ ಪಿಸ್ತೂಲು ಹೊರಗೆ ತೆಗೆಯಬೇಡಿ. ಹೋಲ್‌ಸ್ಟರ್ ಸಮೇತ ಬಿಚ್ಚಿ ಪಾರ್ಟ್‌ನರ್ ಕೈಗೆ ಕೊಡಿ. ಗೋಡೆಯ ಮೊಳೆಗೆ ತೂಗುಹಾಕುವುದು, ಕಿಟಕಿಯಲ್ಲಿ ಇಡುವುದು ಬೇಡವೇ ಬೇಡ.

ಚರ್ಮವೂ ಹಳತಾಗುತ್ತದೆ ಅನ್ನೋದು ನೆನಪಿರಲಿ. ಅಂಚು ಮೆತ್ತಗಾಗಿ ಒಳಕ್ಕೆ ಮಡಚಿಕೊಂಡರೆ ಆ ಮಡಿಕೆ ಟ್ರಿಗರಿಗೆ ಬೆರಳಿನ ಕೆಲಸ ಮಾಡುತ್ತದೆ. ಅಂಥದ್ದನ್ನು ಎಸೆಯಿರಿ. ರಾತ್ರಿ ಪಿಸ್ತೂಲನ್ನು ಚರ್ಮದೊಳಗೆ ಬಿಡಬೇಡಿ, ತೇವಕ್ಕೆ ತುಕ್ಕು ಬರುತ್ತದೆ. ಕೈಡೆಕ್ಸ್ ಪ್ಲಾಸ್ಟಿಕ್ಕಿನದು ಸಿಕ್ಕರೆ ಅದೂ ಒಳ್ಳೆಯದೇ. ಬಾಯಿ ಮುಚ್ಚಲ್ಲ, ಬೆವರು ಕುಡಿಯಲ್ಲ. ನಿಮ್ಮ ಪಿಸ್ತೂಲಿನ ಮಾದರಿಗೇ ಅಚ್ಚು ಹಾಕಿದ್ದಾಗಿರಬೇಕು ಅಷ್ಟೇ. ಎಲ್ಲ ಪಿಸ್ತೂಲಿಗೂ ಆಗುತ್ತೆ ಅಂತ ಮಾರುವುದನ್ನು ಮುಟ್ಟಬೇಡಿ.

ಬೆನ್ನಿನ ನಡುವೆ ಕಟ್ಟುವವರಿದ್ದಾರೆ. ಹಿಂದಕ್ಕೆ ಬಿದ್ದರೆ ಬೆನ್ನುಮೂಳೆಗೆ ಉಕ್ಕಿನ ಪೆಟ್ಟು. ಬೇಡ. ಕಾಲಿಗೆ ಕಟ್ಟಿದರೆ ಗುಂಪಿನಲ್ಲಿ ಬಗ್ಗಲು ಜಾಗ ಸಿಗಲ್ಲ. ಭುಜದ ಹೋಲ್‌ಸ್ಟರ್ ಡ್ರೈವರಿಗೆ ಅನುಕೂಲ, ಆದರೆ ಮೇಲೆ ಕೋಟು ಬೇಕೇ ಬೇಕು, ಮಲಗಿಸಿ ಇಡುವ ಮಾದರಿಯಾದರೆ ನಳಿಕೆ ಹಿಂದೆ ನಿಂತವನ ಕಡೆಗೆ ಇರುತ್ತದೆ. ನಿಂತು ಮಾಡುವ ಡ್ಯೂಟಿಗೆ ಬಲಸೊಂಟ, ಮೂಳೆಯಿಂದ ಸ್ವಲ್ಪ ಹಿಂದೆ. ಇಡೀ ದಿನ ಕಾರಿನ ಡ್ಯೂಟಿಯಾದರೆ ಎಡಗಡೆ ಮುಂದಕ್ಕೆ, ಹಿಡಿಕೆ ಬಲಗೈಗೆ ಬರುವ ಹಾಗೆ ಅಡ್ಡ ಕಟ್ಟಿದ್ದು ಒಳ್ಳೆಯದು. ಡಿಸೆಂಬರಿನಲ್ಲಿ ಸುವರ್ಣಸೌಧದ ಅಧಿವೇಶನ ಡ್ಯೂಟಿಗೆ ಎಲ್ಲರೂ ಜಾಕೆಟ್ ಹಾಕಿ ಬರುತ್ತಾರೆ. ಆ ಜಾಕೆಟ್ಟಿನ ಕೆಳಗಂಚಿನ ದಾರ, ಅದರ ತುದಿಯ ಗುಂಡಿ ಕತ್ತರಿಸಿ ಎಸೆಯಿರಿ. ಲ್ಯಾನ್‌ಯಾರ್ಡ್ ತೆಗೆಯಲು ಆಗಲ್ಲ, ಪಿಸ್ತೂಲು ಕಳೆದರೆ ಸಸ್ಪೆನ್ಷನ್. ಅದನ್ನು ಹಿಡಿಕೆಯ ಹಿಂದೆ ಬರುವ ಹಾಗೆ ಗಿಡ್ಡ ಮಾಡಿ. ಪಿಸ್ತೂಲು ಒಳಗೆ ಇಡುವಾಗ ಅವಸರ ಬೇಡ. ಅಂಗಿ ಎತ್ತಿ, ಬೆರಳು ನೇರ ಚಾಚಿ, ಕಣ್ಣಿಂದ ನೋಡಿ, ನಿಧಾನ. ತೆಗೆಯುವಾಗ ಬೇಕಾದ ವೇಗ ಇಡುವಾಗ ಯಾರಿಗೂ ಬೇಕಾಗಿಲ್ಲ.

ಲೈಸೆನ್ಸ್ ಇರುವ ಖಾಸಗಿಯವರಿಗೂ ಒಂದು ಮಾತು. ಕಬ್ಬಿನ ಊರುಗಳಲ್ಲಿ .32 ರಿವಾಲ್ವರನ್ನು ಬರಿ ಸೊಂಟಕ್ಕೆ ಸಿಕ್ಕಿಸಿದವರನ್ನು, ಜುಬ್ಬಾ ಜೇಬಿನಲ್ಲಿ ಕೀಲಿಕೈ ಜೊತೆ ಹಾಕಿಕೊಂಡವರನ್ನು ನೋಡಿದ್ದೇನೆ. 2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಜಾಗದಲ್ಲಿ ಅದು ಹೋಲ್‌ಸ್ಟರಿನಂಥದ್ದರಲ್ಲಿ, ಮುಚ್ಚಿದ ಹಾಗೆ ಇರಬೇಕು ಅನ್ನುತ್ತವೆ. ರಿವಾಲ್ವರಿನ ಸಿಲಿಂಡರ್ ದಪ್ಪ, ಅಂಗಿಯಲ್ಲಿ ಉಬ್ಬುತ್ತದೆ ಅಂತ ಹೋಲ್‌ಸ್ಟರ್ ಬಿಡುವವರು ಅಂಗಿಯ ಸೈಜ್ ಬದಲಾಯಿಸಲಿ.

ನಮ್ಮ ಜೊತೆಯ ಮಹಿಳಾ ಕಾನ್‌ಸ್ಟೆಬಲ್ ಒಬ್ಬರ ಕಷ್ಟ ಇನ್ನೂ ದೊಡ್ಡದು. ಚೂಡಿದಾರಕ್ಕೆ ಬೆಲ್ಟೇ ಇಲ್ಲ. ಪ್ಯಾಂಟ್ ಹಾಕಿದರೂ ಸೊಂಟದ ಅಗಲಕ್ಕೆ ಹೋಲ್‌ಸ್ಟರಿನ ಕೆಳಭಾಗ ಹೊರಕ್ಕೆ ಹೋಗಿ ಹಿಡಿಕೆ ಪಕ್ಕೆಲುಬಿಗೆ ನಾಟುತ್ತದೆ. ಸ್ಟೋರಿನವರು ಅಭ್ಯಾಸ ಆಗುತ್ತೆ ಅಂದರು. ಅಥಣಿಯವರು ಲೂಪನ್ನು ಒಂದು ಅಂಗುಲ ಮೇಲಕ್ಕೆ ಹೊಲಿದು ಹೋಲ್‌ಸ್ಟರನ್ನು ಕೆಳಗಿಳಿಸಿದರು. ಲೂಪಿಗೂ ಹೋಲ್‌ಸ್ಟರಿಗೂ ನಡುವೆ ದಪ್ಪ ಚರ್ಮದ ತುಂಡು ಇಟ್ಟು ಹಿಡಿಕೆಯನ್ನು ಮೈಯಿಂದ ದೂರ ತಂದರು. ಕುರ್ತಾದ ಸೀಳು ಅವರೇ ಎರಡು ಬೆರಳು ಮೇಲಕ್ಕೆ ಬಿಚ್ಚಿಕೊಂಡರು. ಈಗ ಡ್ಯೂಟಿಯಲ್ಲಿ ಅವರ ಕೈ ಒಮ್ಮೆಯೂ ಸೊಂಟಕ್ಕೆ ಹೋಗಲ್ಲ. ಆದರೆ ತಪಾಸಣೆಗೆ ಬಂದವರಿಗೆ ಇಶ್ಯೂ ಮಾಡಿದ ಹೋಲ್‌ಸ್ಟರೇ ತೋರಿಸಬೇಕು, ಹಾಗಾಗಿ ಆ ನೈಲಾನ್ ಚೀಲವನ್ನೂ ಬ್ಯಾಗಿನಲ್ಲಿ ಹೊತ್ತು ತಿರುಗುತ್ತಾರೆ. ಈ ಸಲದ ಇಂಡೆಂಟಿನಲ್ಲಿ (ಸ್ಟೋರಿಗೆ ಕಳಿಸುವ ಬೇಡಿಕೆ ಪಟ್ಟಿ) ಸೊಂಟದ ಅಳತೆ, ಎಡಗೈ ಬಲಗೈ, ಪಿಸ್ತೂಲಿನ ಮಾದರಿ ಬರೆಯಲು ಕಾಲಮ್ಮೇ ಇರಲಿಲ್ಲ. ಬೇರೆ ಹಾಳೆಯಲ್ಲಿ ಎಲ್ಲರ ಅಳತೆ ಬರೆದು, ಸಹಿ ಹಾಕಿಸಿ, ಲಗತ್ತಿಸಿ ಕಳಿಸಿದ್ದೇವೆ.