ಕಡಲ ತೀರದ ಹಳೇ ಮನೆ: ಪ್ಲಾನ್‌ಗೆ ಮುಂಚೆ ಉಪ್ಪಿನ ಲೆಕ್ಕ

ಉಡುಪಿ, ಕುಂದಾಪುರ ಕಡೆಯ ಹಳೇ ಮನೆಯನ್ನು ಹೊಸದು ಮಾಡಿಸಲು ಬೆಂಗಳೂರಿನ ನಮ್ಮ ಆಫೀಸಿಗೆ ಬರುವವರು ಮೊದಲು ಕೇಳುವುದು ಓಪನ್ ಕಿಚನ್, ಸಮುದ್ರ ಕಾಣುವ ದೊಡ್ಡ ಗಾಜು. ಯಾವ ಗೋಡೆ ತೆಗೆಯಬಹುದು, ಬಜೆಟ್‌ನಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಮಾತ್ರ ಸ್ಲ್ಯಾಬ್‌ನೊಳಗಿನ ತುಕ್ಕು ತೀರ್ಮಾನಿಸುತ್ತದೆ.

ನಮ್ಮ ಸೈಟ್ ಎಂಜಿನಿಯರ್‌ಗಳು ಇಲ್ಲಿ ಎಡವುವುದೇ ಹೆಚ್ಚು. ಕಾಂಕ್ರೀಟ್ ಒಡೆದು ಫಿನಾಲ್ಫ್ಥಲೀನ್ (ಕ್ಷಾರಗುಣ ಉಳಿದ ಕಾಂಕ್ರೀಟನ್ನು ಗುಲಾಬಿ ಮಾಡುವ ದ್ರಾವಣ) ಸಿಂಪಡಿಸುತ್ತಾರೆ, ಗುಲಾಬಿ ಬಣ್ಣ ಬಂದರೆ ಕಂಬಿ ಸುರಕ್ಷಿತ ಅಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಅದು ಬಹುಪಾಲು ನಡೆಯುತ್ತದೆ. ಕರಾವಳಿಯಲ್ಲಿ ನಡೆಯದು, ಯಾಕೆಂದರೆ ಕ್ಲೋರೈಡ್ (ಕಡಲ ಉಪ್ಪಿನ ಅಂಶ) ಇದ್ದರೆ ಗುಲಾಬಿ ಕಾಂಕ್ರೀಟ್‌ನೊಳಗೇ ಕಂಬಿ ತುಕ್ಕು ಹಿಡಿಯುತ್ತದೆ. ಹೀಗಾಗಿ ಡ್ರಿಲ್ ಮಾಡಿ 10–20, 20–30, 30–40 ಮಿ.ಮೀ. ಆಳದ ಪುಡಿಯನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಲ್ಯಾಬ್‌ಗೆ ಕಳಿಸಬೇಕು. ಹೊಸ ಆರ್‌ಸಿಸಿಗೆ (ಕಂಬಿ ಹಾಕಿದ ಕಾಂಕ್ರೀಟ್‌ಗೆ) ಭಾರತೀಯ ಮಾನದಂಡ ಐಎಸ್ 456 ಹೇಳುವ ಮಿತಿ ಘನ ಮೀಟರ್‌ಗೆ 0.6 ಕೆ.ಜಿ. ಕ್ಲೋರೈಡ್. ಕಂಬಿಯ ಆಳದಲ್ಲಿ ಅದನ್ನು ದಾಟಿದ್ದರೆ ಬರೀ ತೇಪೆಯಿಂದ ಕೆಲಸ ಆಗದು.

ಸವೆತವನ್ನು ಕಣ್ಣಳತೆಯಲ್ಲಿ ಹೇಳಬೇಡಿ. ತುಕ್ಕು ಕೆರೆದು ವರ್ನಿಯರ್ ಕ್ಯಾಲಿಪರ್ ಹಿಡಿದು ಕಂಬಿಯ ವ್ಯಾಸ ಅಳೆಯಿರಿ. 10 ಮಿ.ಮೀ. ಕಂಬಿ 8ಕ್ಕೆ ಇಳಿದಿದ್ದರೆ ಮೇಸ್ತ್ರಿ "ಎರಡೇ ಎಂಎಂ ಸಾರ್" ಅನ್ನುತ್ತಾರೆ. ಆದರೆ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಹೋಗಿರುವುದು ಶೇ 36. ಅಲ್ಲಿ ಪಕ್ಕದಲ್ಲಿ ಹೊಸ ಕಂಬಿ ಸೇರಿಸಲೇಬೇಕು, ಎಷ್ಟು ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಲಿ.

ಸ್ಲ್ಯಾಬ್‌ಗೆ ಕೆಳಗಿನಿಂದ ಜಾಕಿಯ ಆಸರೆ ಕೊಟ್ಟ ಮೇಲೇ ಕಾಂಕ್ರೀಟ್ ಒಡೆಯಿರಿ. ಕಂಬಿಯ ಮುಂಭಾಗ ಕಂಡರೆ ಸಾಲದು, ಹಿಂದೆಯೂ 20–25 ಮಿ.ಮೀ. ಬಿಡಿಸಬೇಕು. ವೈರ್ ಬ್ರಷ್ ತುಕ್ಕು ಕಂಬಿಯಲ್ಲಿ ಕೊರೆದ ಗುಂಡಿಗಳೊಳಗಿನ ಉಪ್ಪನ್ನು ತೆಗೆಯುವುದಿಲ್ಲ. ಗ್ರಿಟ್ ಬ್ಲಾಸ್ಟ್ ಮಾಡಿ (ಗಟ್ಟಿ ಹರಳುಗಳನ್ನು ರಭಸದಿಂದ ಹಾಯಿಸಿ) ಸಿಹಿನೀರಿನಲ್ಲಿ ತೊಳೆದು, ಆಮೇಲೆ ಪಾಲಿಮರ್ ಬೆರೆಸಿದ ಮಾರ್ಟರ್‌ನಿಂದ ತೇಪೆ ಹಾಕಬೇಕು. ತೇಪೆ ಗಟ್ಟಿಯಾಗಿದ್ದರೂ ಕೆಲವು ವರ್ಷಕ್ಕೆ ಅದರ ಸುತ್ತಲೇ ಬಿರುಕು ಬರುವುದುಂಟು. ಹೊಸ ಮಾರ್ಟರ್‌ನೊಳಗಿನ ಕಂಬಿ ತುಕ್ಕು ಹಿಡಿಯದೆ ಸುಮ್ಮನಾದಾಗ, ಅದರ ಪಕ್ಕ ಉಪ್ಪು ಕಾಂಕ್ರೀಟ್‌ನಲ್ಲಿ ಉಳಿದ ಕಂಬಿಗೆ ತುಕ್ಕು ಜೋರಾಗುತ್ತದೆ. ತೇಪೆಯ ಅಂಚಿಗೆ ಜಿಂಕ್ ಆನೋಡ್ (ಕಂಬಿಯ ಬದಲು ತಾನೇ ಸವೆಯುವ ಸತುವಿನ ತುಂಡು) ಕಟ್ಟುವುದು ಇದಕ್ಕೇ. ಎಸ್ಟಿಮೇಟ್‌ನಿಂದ ಮೊದಲು ಹಾರಿಹೋಗುವ ಐಟಂ ಕೂಡ ಇದೇ.

ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಸುಣ್ಣದ ಗಾರೆಯೇ ಸರಿ. ಸಿಮೆಂಟ್ ಬಳಿದು ಮುಚ್ಚಿದರೆ ತೇವ ಆರಲು ದಾರಿಯಿಲ್ಲ, ಒಳಗೇ ಹರಳುಗಟ್ಟುವ ಉಪ್ಪು ಕಲ್ಲನ್ನು ಪುಡಿ ಮಾಡುತ್ತದೆ. ಕಿಟಕಿಯ ಸ್ಕ್ರೂ, ಹಿಂಜ್‌ಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೇಡ, ಕಲೆ ಬೀಳುತ್ತದೆ, 316 ತನ್ನಿ.

ಸಿಟ್‌ಔಟ್ ಮುಂದಕ್ಕೆ ಚಾಚುವ ಆಸೆಯಿದ್ದರೆ ಮೊದಲು 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ನೋಡಿ. ನಿರ್ಮಾಣ ನಿಷೇಧ ವಲಯದಲ್ಲಿ ಅಧಿಕೃತ ಮನೆಯ ರಿಪೇರಿ, ಮರುನಿರ್ಮಾಣಕ್ಕೆ ಅವಕಾಶವಿದ್ದರೂ ಈಗಿರುವ ಪ್ಲಿಂತ್ (ನೆಲಗಟ್ಟಿನ) ವಿಸ್ತೀರ್ಣ, ಎಫ್‌ಎಸ್‌ಐ (ನಿವೇಶನಕ್ಕೆ ಹೋಲಿಸಿದ ಒಟ್ಟು ಕಟ್ಟಡ ವಿಸ್ತೀರ್ಣದ ಅನುಪಾತ) ಮೀರುವಂತಿಲ್ಲ.

ಹೊರಗಿನ ಕೆಲಸಕ್ಕೆ ಅಕ್ಟೋಬರ್‌ನಿಂದ ಮೇವರೆಗೆ ಅವಕಾಶ. ಅದರಲ್ಲೂ ಬೇಸಿಗೆಯ ಕೊನೆಗೆ ದಡದ ಬಾವಿಗಳ ನೀರು ಉಪ್ಪಾಗಬಹುದು. ಆರ್‌ಸಿಸಿ ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರ್‌ಗೆ 500 ಮಿ.ಗ್ರಾಂ. ದಾಟಬಾರದು. ಅಕ್ಟೋಬರ್‌ನಲ್ಲಿ ಪಾಸಾದ ನೀರನ್ನು ಮಾರ್ಚ್‌ನಲ್ಲಿ ಮತ್ತೆ ಟೆಸ್ಟ್ ಮಾಡಿಸಿ, ಟ್ಯಾಂಕರ್ ಖರ್ಚನ್ನು ಮೊದಲೇ ಕೊಟೇಶನ್‌ಗೆ ಸೇರಿಸಿ.